ಯಾವ ಲೆಕ್ಕ ಬರೆದಿಡುತ್ತೀಯ, ತಂಗಿ?

ಬೆಂಗಳೂರಿನ ಸೇನಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಇನ್ನು ನೀನೇ ಮುಖ್ಯಸ್ಥೆ ಎಂಬ ಸುದ್ದಿ ಕೊಟ್ಟೂರು ಮುಟ್ಟಿ ಆಗಿದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಮಾಜಿ ಸೈನಿಕರ ಬಾಯಲ್ಲಿ ಈಗ ಒಂದೇ ಮಾತು: "ಅಲ್ಲಿ ನಮ್ಮ ಹುಡುಗಿ ಅದಾಳ, ಕಣ್ಣು ತೋರ್ಸಾಕ ಅಲ್ಲಿಗೇ ಹೋಗೂಣು." ಈ ಐದು ತಾಲ್ಲೂಕಿನವರ ಕಣ್ಣು ನೋಡುತ್ತಲೇ ಸರ್ಕಾರಿ ನೌಕರಿ ಮುಗಿಸಿದವನು ನಾನು. ಆ ಸಲುಗೆಯಿಂದ ನಾಲ್ಕು ಮಾತು. ಆಪರೇಷನ್ ಮಾಡುವುದನ್ನು ನಿನಗೆ ಹೇಳಿಕೊಡಬೇಕಾಗಿಲ್ಲ; ನಿನ್ನ ಕೈ ನನ್ನದಕ್ಕಿಂತ ಚುರುಕು. ಮುಖ್ಯಸ್ಥೆಯಾದವಳು ಯಾವ ಲೆಕ್ಕ ಇಡಬೇಕು ಅನ್ನುವುದಷ್ಟೇ ನನ್ನ ವಿಷಯ.

ತಿಂಗಳ ಕೊನೆಗೆ ಮೇಲಿನವರು ಕೇಳುವುದು "ಎಷ್ಟು ಕೇಸು ಆದವು?" ಎಂದು. ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿ ದೊಡ್ಡ ಉತ್ತರವೊಂದಿದೆ. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ತಿರುಪತಿಯಲ್ಲಿ ಒಂದೇ ದಿನ 833 ಜನರ ಪೊರೆ ತೆಗೆದರು. ಆ ಕಾಲಕ್ಕೆ ಅದು ಬೇಕೇ ಇತ್ತು. ಹಳ್ಳಿಯ ಕಡೆ ಕಣ್ಣಿನ ಡಾಕ್ಟರೇ ಇರಲಿಲ್ಲ, ಕಾಣದವರ ಸಾಲಿಗೆ ಕೊನೆಯಿರಲಿಲ್ಲ. ಪೊರೆಯನ್ನು ಇಡಿಯಾಗಿ ತೆಗೆದು ಸೋಡಾಬುಡ್ಡಿ ಕನ್ನಡಕ ಕೊಟ್ಟರೆ ಮೊಮ್ಮಕ್ಕಳ ಮುಖ ಕಂಡಿತೆಂದು ಜನ ಕೈಮುಗಿಯುತ್ತಿದ್ದರು. ಆದರೆ ಎಮ್ಮೆ ಕಟ್ಟುವಾಗ ಆ ಕನ್ನಡಕ ಬಿದ್ದು ಒಡೆದರೆ ಮತ್ತೆ ಗೋಡೆ ಹಿಡಿದೇ ನಡೆಯಬೇಕು. ಅಂಥವರ ಹೆಸರು ಯಾವ ರಿಜಿಸ್ಟರಿನಲ್ಲೂ ಇರುತ್ತಿರಲಿಲ್ಲ.

ಈಗ ಕಣ್ಣೊಳಗೇ ಲೆನ್ಸ್ ಇಡುತ್ತೇವೆ; ಶಾಲೆಯ ಕೋಣೆಯಲ್ಲಿ ಆಪರೇಷನ್ ಮಾಡುವ ಕಾಲವೂ ಹೋಯಿತು. ಲೆಕ್ಕವೂ ಬದಲಾಗಬೇಕಲ್ಲ? 2021ರ ವಿಶ್ವ ಆರೋಗ್ಯ ಸಭೆ ಒಪ್ಪಿಕೊಂಡ ಹೊಸ ಅಳತೆಯಲ್ಲಿ ಬರೀ ಆಪರೇಷನ್ ಆದವರು ಲೆಕ್ಕಕ್ಕೆ ಬರುವುದಿಲ್ಲ. ಆದಮೇಲೆ 6/12ರಷ್ಟಾದರೂ ನೋಟ ಬಂದವರು ಮಾತ್ರ ಬರುತ್ತಾರೆ. ನಿನ್ನ ವಿಭಾಗದ ಗೋಡೆಗೂ ಅದೇ ಲೆಕ್ಕ ಇರಲಿ: ಆರು ವಾರ ಕಳೆದ ಮೇಲೆ ಎಷ್ಟು ಜನಕ್ಕೆ ಕಾಣುತ್ತಿದೆ, ಎಷ್ಟು ಜನ ತಿರುಗಿ ಬರಲೇ ಇಲ್ಲ. ಬಾರದವರನ್ನು "ಸರಿ ಇದ್ದಾರೆ" ಎಂಬ ಕಾಲಮ್ಮಿಗೆ ಹಾಕಬೇಡ.

ಆ ಲೆನ್ಸ್ ನಮಗೆ ದಕ್ಕಿದ್ದೂ ಸೈನಿಕರ ದೆಸೆಯಿಂದಲೇ ಎಂದು ನಿನ್ನ ಕಿರಿಯರಿಗೆ ಹೇಳು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಪೈಲಟ್‌ಗಳ ಕಣ್ಣಿಗೆ ವಿಮಾನದ ಮುಚ್ಚಳದ ಪ್ಲಾಸ್ಟಿಕ್ ಚೂರುಗಳು ಹೊಕ್ಕಿದ್ದವು. ಅವು ಕಣ್ಣನ್ನು ಕೆರಳಿಸದೆ ಸುಮ್ಮನೆ ಕೂತಿದ್ದನ್ನು ಹೆರಾಲ್ಡ್ ರಿಡ್ಲಿ ಗಮನಿಸಿದರು; 1949ರಲ್ಲಿ ಲಂಡನ್ನಿನಲ್ಲಿ ಅದೇ ಬಗೆಯ ಪ್ಲಾಸ್ಟಿಕ್ಕಿನಿಂದ ಮೊದಲ ಲೆನ್ಸ್ ಇಟ್ಟರು. ಗಾಯಗೊಂಡ ಸೈನಿಕನ ಕಣ್ಣನ್ನು ಪುರುಸೊತ್ತಿನಿಂದ ನೋಡಿದ್ದರ ಫಲ ಅದು. ನೀನೂ ಪುರುಸೊತ್ತು ಮಾಡಿಕೋ.

ಏಕೆಂದರೆ ಮಾಜಿ ಸೈನಿಕ ತಾನಾಗಿ ಹೇಳುವುದಿಲ್ಲ. ಎದುರಿಗೆ ನೆಟ್ಟಗೆ ಕೂತು "ಏನೂ ತ್ರಾಸಿಲ್ರಿ ಮೇಡಂ, ಸ್ವಲ್ಪ ಮಸುಕಾಗೇತಿ" ಅಂದುಬಿಡುತ್ತಾನೆ. ನೀನೇ ಕೆದಕಬೇಕು. ಹತ್ತಿರದಲ್ಲಿ ಏನಾದರೂ ಸಿಡಿದಿತ್ತೇ? ಸಿಡಿತದ ಪೆಟ್ಟು ತಿಂದ ಕಣ್ಣಿನಲ್ಲಿ ಮಸೂರ ಹಿಡಿದಿರುವ ಎಳೆಗಳು ಸಡಿಲಾಗಿರಬಹುದು. ವರ್ಷಗಳಾದ ಮೇಲೆ ಸದ್ದಿಲ್ಲದೆ ಗ್ಲಾಕೋಮಾ ಬರಬಹುದು. ಕಣ್ಣಲ್ಲಿ ಲೋಹದ ಚೂರು ಉಳಿದಿರುವ ಅನುಮಾನ ಇದ್ದರೆ ಎಕ್ಸ್‌ರೇ ಇಲ್ಲವೇ ಸಿಟಿ ಆಗುವ ತನಕ ಎಂಆರ್‌ಐ ಯಂತ್ರದ ಹತ್ತಿರ ಕಳಿಸಬೇಡ. ಹಿಮದ ಮೇಲೆ ಎಷ್ಟು ವರ್ಷ ಡ್ಯೂಟಿ ಮಾಡಿದ್ದ ಎಂದೂ ಕೇಳು.

ಇನ್ನೊಂದು ಪ್ರಶ್ನೆಗೆ ಹೆಣ್ಣು ಡಾಕ್ಟರ ಮುಂದೆ ನಮ್ಮ ಗಂಡಸರು ತಲೆ ತಗ್ಗಿಸುತ್ತಾರೆ: ಮೂತ್ರ ಸಲೀಸಾಗಲೆಂದು ಮಾತ್ರೆ ನುಂಗುತ್ತೀರಾ? ಟ್ಯಾಮ್ಸುಲೋಸಿನ್ ನುಂಗುವವರ ಕಣ್ಣಿನ ಪಾಪೆ ಆಪರೇಷನ್ ನಡುವೆಯೇ ಸಡಿಲಾಗಿ ಕುಗ್ಗುತ್ತದೆ ಎಂದು 2005ರಲ್ಲೇ ಬರೆದಿಟ್ಟಿದ್ದಾರೆ. ಹಿಂದಿನ ದಿನ ಮಾತ್ರೆ ಬಿಡಿಸಿದರೆ ಆಗುವಂಥದ್ದಲ್ಲ. ಮೊದಲೇ ಗೊತ್ತಿದ್ದರೆ ಸಿದ್ಧವಾಗಿ ಕೂರಬಹುದು. ಈ ಪ್ರಶ್ನೆಯನ್ನು ಒಬ್ಬ ಗಂಡಸು ಟೆಕ್ನಿಷಿಯನ್ ಕೇಳುವಂತೆ ಮಾಡು, ಉತ್ತರ ಹೊರಗೆ ಬರುತ್ತದೆ. ಫಿರಂಗಿ ದಳದಲ್ಲಿದ್ದ ಎಷ್ಟೋ ಜನಕ್ಕೆ ಕಿವಿಯೂ ಮಂದ. ಮುಖಕ್ಕೆ ಬಟ್ಟೆ ಹೊದಿಸಿದ ಮೇಲೆ ನೀನು "ಅಲುಗಾಡಬ್ಯಾಡ್ರಿ" ಅಂದರೆ ಕೇಳಿಸುವುದಿಲ್ಲ. ಸಿಸ್ಟರ್ ಒಬ್ಬರು ಕೈ ಹಿಡಿದಿರಲಿ. ಒಮ್ಮೆ ಒತ್ತಿದರೆ ಸುಮ್ಮನಿರಬೇಕು, ಕೆಮ್ಮು ಬಂದರೆ ಅವರೇ ತಿರುಗಿ ಒತ್ತಬೇಕು ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ.

ಮನೆಯ ಹೆಂಗಸರನ್ನು ಮರೆಯಬೇಡ. 2003ರ ಏಪ್ರಿಲ್‌ನಿಂದ ನಡೆಯುತ್ತಿರುವ ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇಸಿಎಚ್‌ಎಸ್) ಕಾರ್ಡು ಸೈನಿಕನಿಗಷ್ಟೇ ಅಲ್ಲ, ಹೆಂಡತಿಗೂ ಅವಲಂಬಿತ ತಂದೆತಾಯಿಗೂ ಸಿಗುತ್ತದೆ. ಆದರೂ ನಮ್ಮ ಕಡೆ ಗಂಡ ತೋರಿಸಿಕೊಳ್ಳುವಾಗ ಹೆಂಡತಿ ಹೊರಗೆ ಬುತ್ತಿಯ ಗಂಟು ಕಾಯುತ್ತಿರುತ್ತಾಳೆ. ಒಲೆ ಮುಂದೆ ತಡವರಿಸುತ್ತಿದ್ದರೂ ಬಾಯಿ ಬಿಡುವುದಿಲ್ಲ. ಜೊತೆಗೆ ಬಂದವರ ನೋಟವನ್ನೂ ಅಂದೇ ಪರೀಕ್ಷಿಸುವುದನ್ನು ವಿಭಾಗದ ನಿಯಮ ಮಾಡು. ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ ಬಸ್ಸಿನಲ್ಲಿ ಬಂದವಳನ್ನು ಇನ್ನೊಮ್ಮೆ ಬಾ ಎಂದರೆ ಅವಳು ಬರುವವಳಲ್ಲ.

ಒಟಿಯೊಳಗಿನ ಮಾತಿಗೆ ಬರುತ್ತೇನೆ. ಸೇನಾ ಆಸ್ಪತ್ರೆಯಲ್ಲಿ ಹುದ್ದೆಯ ಭಾರ ಗಾಳಿಯಲ್ಲೇ ಇರುತ್ತದೆ. ದೊಡ್ಡ ಅಧಿಕಾರಿ ಬಂದರೆ "ಮೇಡಮ್ಮೇ ಮಾಡಲಿ" ಅನ್ನುತ್ತಾರೆ; ಹವಾಲ್ದಾರನ ಕಣ್ಣು ಕಲಿಯುವವರ ಕೈಗೆ ಹೋಗುತ್ತದೆ. ಇದಕ್ಕೆ ಒಪ್ಪಬೇಡ. ಕಷ್ಟದ ಕಣ್ಣು ನಿನಗೆ, ಸುಲಭದ ಕಣ್ಣು ಕಿರಿಯರಿಗೆ. ಭುಜದ ಪಟ್ಟಿ ನೋಡಿ ಹಂಚುವುದು ಬೇಡ. ಕಲಿಯುವವರಿಗೂ ಇಡೀ ಆಪರೇಷನ್ ಒಮ್ಮೆಗೇ ಕೊಡದೆ ಹಂತ ಹಂತವಾಗಿ ಕೊಡು, ಪಕ್ಕದಲ್ಲಿ ನಿಂತುಕೋ.

ಯಾವ ಕಣ್ಣು, ಯಾವ ನಂಬರಿನ ಲೆನ್ಸ್, ಯಾರ ಹೆಸರು: ಈ ಮೂರನ್ನೂ ಚಾಕು ಇಡುವ ಮೊದಲು ಗಟ್ಟಿಯಾಗಿ ಓದಿಸು. ಕಣ್ಣಿಗೆ ಅಯೋಡಿನ್ ಹನಿ ಹಾಕಿದ ಮೇಲೆ ಕಾಯಬೇಕಾದ ಹೊತ್ತನ್ನು ಯಾರ ಅವಸರಕ್ಕೂ ಮೊಟಕು ಮಾಡಬೇಡ. ತಪ್ಪು ಕಂಡರೆ "ನಿಲ್ಲಿಸಿ" ಅನ್ನುವ ಹಕ್ಕು ಟ್ರೇ ಜೋಡಿಸುವ ಹುಡುಗಿಗೂ ಇರಲಿ. ಅವಳು ನಿಲ್ಲಿಸಿದ್ದು ಸುಳ್ಳು ಗಾಬರಿಯಾಗಿದ್ದರೂ ಎಲ್ಲರ ಎದುರಿಗೇ ಶಹಬ್ಬಾಸ್ ಅನ್ನು. ಬೈದರೆ ಮತ್ತೊಮ್ಮೆ ಅವಳ ಬಾಯಿ ತೆರೆಯುವುದಿಲ್ಲ.

ಡಾ. ಜಿ. ವೆಂಕಟಸ್ವಾಮಿಯವರೂ ಸೈನ್ಯದ ವೈದ್ಯರೇ ಆಗಿದ್ದವರು. ಸಂಧಿವಾತದಿಂದ ಬೆರಳು ಸೊಟ್ಟಗಾಗಿ ಸೈನ್ಯ ಬಿಡಬೇಕಾಯಿತು. ಆ ಬೆರಳುಗಳಿಂದಲೇ ಆಪರೇಷನ್ ಕಲಿತು, ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ 1976ರಲ್ಲಿ ಮದುರೆಯಲ್ಲಿ 11 ಹಾಸಿಗೆಯ ಅರವಿಂದ ಆಸ್ಪತ್ರೆ ತೆರೆದರು. ಅಲ್ಲಿ ಹಳ್ಳಿಯ ಹುಡುಗಿಯರಿಗೆ ತರಬೇತಿ ಕೊಟ್ಟು, ಡಾಕ್ಟರೇ ಮಾಡಬೇಕಾದ ಕೆಲಸ ಬಿಟ್ಟು ಉಳಿದದ್ದನ್ನೆಲ್ಲ ಅವರ ಕೈಗೆ ಕೊಟ್ಟರು. ಆ ಸಂಸ್ಥೆ ಬೆಳೆದದ್ದು ಒಬ್ಬರ ಕೈಚಳಕದಿಂದಲ್ಲ, ಇಂಥ ಏರ್ಪಾಟಿನಿಂದ. ನೀನು ಹದಿನೈದು ದಿನ ರಜೆ ಹಾಕಿ ಊರಿಗೆ ಬಂದಾಗ ವಿಭಾಗದ ಫಲಿತಾಂಶ ಇಳಿಯದಿದ್ದರೆ ಅದು ನಿನ್ನ ಹೆಗ್ಗಳಿಕೆ. ಇಳಿದರೆ ಕಲಿಸುವುದು ಇನ್ನೂ ಬಾಕಿ ಇದೆ.

ನೋಟ ಕೈತಪ್ಪುವುದು ಬಹಳ ಸಲ ಊರಿಗೆ ಹೋದ ಮೇಲೆ. ಡಿಸ್ಚಾರ್ಜ್ ಚೀಟಿಯನ್ನು ದಪ್ಪ ಅಕ್ಷರದ ಕನ್ನಡದಲ್ಲಿ ಕೊಡಿಸು: ನೋವು, ಕೆಂಪು, ಮಸುಕು ಹೆಚ್ಚಾದರೆ ಒಂದು ರಾತ್ರಿಯೂ ಕಾಯಬೇಡಿ, ಈ ನಂಬರಿಗೆ ಫೋನ್ ಮಾಡಿ. ಬೆಂಗಳೂರಿನ ದಾರಿ ನೋಡುತ್ತ ಕೂರುವುದು ಬೇಡ; ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯವರಿಗೆ ಹೊಸಪೇಟೆ, ಬಳ್ಳಾರಿ ಹತ್ತಿರ; ಕೊಟ್ಟೂರು, ಹರಪನಹಳ್ಳಿಯವರಿಗೆ ದಾವಣಗೆರೆ; ಹಡಗಲಿಯವರು ಹೊಳೆ ದಾಟಿದರೆ ಗದಗ ಜಿಲ್ಲೆ. ಆಯಾ ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಗಳ ಜೊತೆ ಮೊದಲ ತಿಂಗಳಲ್ಲೇ ಮಾತಾಡಿ ಪರಿಚಯ ಮಾಡಿಕೋ.

ಮಾಘದಲ್ಲಿ ಮೈಲಾರದ ಕಾರಣಿಕ, ಕೊಟ್ಟೂರಿನ ತೇರು. ಆ ದಿನಗಳಿಗೆ ಮರುಪರೀಕ್ಷೆಯ ತಾರೀಖು ಕೊಟ್ಟರೆ ಯಾರೂ ಬರುವುದಿಲ್ಲ. ಹಿಂದಿನ ವಾರ ಆಪರೇಷನ್ ಆದವರು ತೇರಿನ ದೂಳಿನಲ್ಲಿ ನಿಂತಿರುತ್ತಾರೆ. ಪಂಚಾಂಗ ನೋಡಿ ದಿನ ಕೊಡು. ಉಳಿದ ಹನಿ ಔಷಧವನ್ನು ಎಸೆಯಲು ಹೇಳುವುದನ್ನೂ ಮರೆಯಬೇಡ. ಮೆಕ್ಕೆಜೋಳ ಮುರಿಯುವಾಗ ಮಗನ ಕಣ್ಣಿಗೆ ಗರಿ ತಾಗುತ್ತದೆ, ಮನೆಯಲ್ಲಿದ್ದ ಅಪ್ಪನ ಸ್ಟಿರಾಯ್ಡ್ ಹನಿಯನ್ನೇ ಹಾಕುತ್ತಾರೆ, ಬೂಷ್ಟಿನ ಸೋಂಕು ಉಲ್ಬಣಿಸಿ ಕರಿಗುಡ್ಡೆಯ ಮೇಲೆ ಹೂವು ಬೀಳುತ್ತದೆ. ಅಪ್ಪನಿಗೆ ಕೊಟ್ಟ ಕಣ್ಣನ್ನು ಮಗನಿಂದ ಕಿತ್ತುಕೊಂಡ ಹಾಗಾಗುತ್ತದೆ.

ಎಷ್ಟೇ ಜಾಗ್ರತೆ ಮಾಡಿದರೂ ಒಂದು ದಿನ ಸೋಂಕಾಗುತ್ತದೆ. ಆ ದಿನ ಮನೆಯವರನ್ನು ಕೂರಿಸಿ ಇದ್ದದ್ದನ್ನು ಇದ್ದ ಹಾಗೆ ನೀನೇ ಹೇಳು, ಕಿರಿಯರನ್ನು ಮುಂದೆ ಕಳಿಸಬೇಡ. ಒಂದರ ಹಿಂದೆ ಇನ್ನೊಂದಾದರೆ ಕಾರಣ ಸಿಗುವ ತನಕ ಒಟಿಗೆ ಬೀಗ ಹಾಕು. ಆ ತಿಂಗಳು ಕೇಸು ಕಡಿಮೆಯಾದವೆಂದು ಮೇಲಿನವರು ಕೇಳಿದರೆ ಗೋಡೆಯ ಮೇಲಿನ ಲೆಕ್ಕ ತೋರಿಸು. ಕೆಟ್ಟ ಅಂಕಿಯನ್ನೂ ಅಳಿಸದೆ ಬರೆದ ವಿಭಾಗದ ಮಾತಿಗೆ ತೂಕ ಇರುತ್ತದೆ.

ಕೊಟ್ಟೂರೇಶ್ವರ ನಿನ್ನ ಕೈಗೆ ಬಲ ಕೊಡಲಿ. ಮೊದಲ ಆರು ವಾರದ ಲೆಕ್ಕ ಆದ ಕೂಡಲೇ ನನಗೆ ಫೋನ್ ಮಾಡು. ಬಾರದವರ ಪಟ್ಟಿ ಕಳಿಸು. ನಿವೃತ್ತನಿಗೆ ಬೇರೇನು ಕೆಲಸ, ಈ ಐದು ತಾಲ್ಲೂಕಿನಲ್ಲಿ ಅವರ ಮನೆ ಹುಡುಕುವುದು ನನ್ನ ಪಾಲಿಗಿರಲಿ.