ಗೊಂಬೆ ಹಬ್ಬದ ಸಾಲಿಗೆ ಹಳೆಯ ನಾಯಿ ಬಲ್ಬು

ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿ ಬೀದಿದೀಪ ಬೆಳಗಿದ್ದು 1905ರ ಆಗಸ್ಟ್ 5ರಂದು. ಮಲ್ಲೇಶ್ವರದ ಅಂಚಿನಲ್ಲಿ 1936ರಲ್ಲಿ ಶುರುವಾದ ಮೈಸೂರು ಲ್ಯಾಂಪ್ಸ್ ಕಾರ್ಖಾನೆಯ ಬಲ್ಬುಗಳು ದಶಕಗಳ ಕಾಲ ಇಲ್ಲಿನ ಮನೆಗಳಲ್ಲಿ ಉರಿದವು. ಇಂಥ ಊರಿನಲ್ಲಿ ಹಳೆಯ ಬಲ್ಬು ಕೂಡಿಡುವ ಹವ್ಯಾಸ ಹುಟ್ಟುವುದು ಸಹಜವೇ. ನಾಯಿಯ ಆಕಾರದವು ಮಾತ್ರ ಹೊರದೇಶದ ಸರಕು.

ಅವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಜಪಾನಿನಲ್ಲಿ ಕ್ರಿಸ್‌ಮಸ್ ಮರಕ್ಕೆಂದು ಮಾಡಿದ ಹಾಲುಗಾಜಿನ ಪುಟ್ಟ ಬಲ್ಬು. ಗಾಜೇ ನಾಯಿಮರಿಯ ಆಕಾರದಲ್ಲಿದ್ದು, ಹೊರಮೈಗೆ ಬಣ್ಣ ಬಳಿದಿರುತ್ತದೆ. ಇನ್ನೊಂದು, ಅಮೆರಿಕದ ಏರೋಲಕ್ಸ್ ಕಂಪನಿ 1930ರ ದಶಕದಿಂದ 1970ರ ದಶಕದವರೆಗೆ ತಯಾರಿಸಿದ ಬಗೆಯದು. ಅದರಲ್ಲಿ ಗಾಜು ಸಾದಾ ಬುರುಡೆ. ಒಳಗಿನ ತಗಡಿನ ಆಕೃತಿಯ ಸುತ್ತ ನಿಯಾನ್ ಅಥವಾ ಆರ್ಗಾನ್ ಅನಿಲ ಹೊಳೆಯುತ್ತದೆ. ಹೊಸಬರು ಜಪಾನಿನದರಿಂದ ಆರಂಭಿಸುವುದು ಒಳ್ಳೆಯದು.

ಹುಡುಕಾಟವನ್ನು ನೆಂಟರ ಮನೆಯ ಅಟ್ಟದಿಂದಲೇ ಶುರುಮಾಡಬೇಕು. ಅಮೆರಿಕಕ್ಕೆ ಹೋಗಿಬಂದವರಿರುವ ಬಸವನಗುಡಿ, ಚಾಮರಾಜಪೇಟೆಯ ಹಳೆಯ ಮನೆಗಳ ಟ್ರಂಕುಗಳನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಕೇಳಿ ನೋಡಬೇಕು. ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿಗೆ ಬೆಳಿಗ್ಗೆ ಬೇಗ ಹೋಗಬೇಕು. ಅಲ್ಲಿ ನಾಯಿ ಬಲ್ಬು ಸಿಗುವುದು ಅಪರೂಪ. ಹಾಗಾಗಿ ಹೆಚ್ಚಿನವರಿಗೆ ವಿದೇಶಿ ಆನ್‌ಲೈನ್ ಹರಾಜೇ ಗತಿ.

ಕೊಳ್ಳುವ ಮುನ್ನ ಪರೀಕ್ಷೆ ಆಗಲೇಬೇಕು. ಜಪಾನಿನ ಬಲ್ಬಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿದಾಗ ಬೀಪ್ ಎಂದರೆ ಒಳಗಿನ ತಂತಿ ಹರಿದಿಲ್ಲ ಎಂದರ್ಥ. ಏರೋಲಕ್ಸಿಗೆ ಈ ಪರೀಕ್ಷೆ ಸಲ್ಲದು. ಅದರ ಎರಡು ಲೋಹದ ಭಾಗಗಳ ನಡುವೆ ಇರುವುದು ಬರೀ ಅನಿಲ, ಆದ್ದರಿಂದ ಚೆನ್ನಾಗಿರುವ ಬಲ್ಬೂ ಮೀಟರಿನಲ್ಲಿ ಸುಮ್ಮನಿರುತ್ತದೆ. ಸತ್ತಿದೆ ಎಂದುಕೊಂಡು ಅದನ್ನು ಬಿಟ್ಟುಬರಬಾರದು. ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕಿದೆಯೇ, ಬುಡ ಅಲುಗಾಡುತ್ತಿದೆಯೇ ಎಂದು ನೋಡಬೇಕು. ಒಳಗೆ ಗಾಳಿ ಹೊಕ್ಕರೆ ಹೊಳಪು ಮತ್ತೆ ಬಾರದು.

ಎಲ್ಲಕ್ಕಿಂತ ದೊಡ್ಡ ಅಪಾಯ ವೋಲ್ಟೇಜಿನದು. ನಮ್ಮ ಮನೆಗಳಲ್ಲಿರುವುದು 230 ವೋಲ್ಟ್, ಪಿನ್ ಹೋಲ್ಡರ್. ಏರೋಲಕ್ಸಿನದು ಸ್ಕ್ರೂ ಬುಡ, ಅದಕ್ಕೆ ಬೇಕಿರುವುದು 110–120 ವೋಲ್ಟ್. ಹೋಲ್ಡರ್ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಇಳಿಸುವುದಿಲ್ಲ. ಎಸ್.ಪಿ. ರಸ್ತೆಯಲ್ಲಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೇಳಿ ತರಬೇಕು. ಜಪಾನಿನ ಬಲ್ಬುಗಳು ಸಾಮಾನ್ಯವಾಗಿ ಎಂಟರ ಸೀರಿಯಲ್ ಸೆಟ್ಟಿನವು, ಒಂದೊಂದಕ್ಕೆ ಸುಮಾರು 15 ವೋಲ್ಟ್. 12 ವೋಲ್ಟ್ ಟ್ರಾನ್ಸ್‌ಫಾರ್ಮರಿನಲ್ಲಿ ಅವು ಮಂದವಾಗಿ ಉರಿದರೂ ಬಹುಕಾಲ ಬಾಳುತ್ತವೆ. ಹಳೆಯ ಸೆಟ್ಟಿನ ವೈರನ್ನು ಬಳಸಲೇಬಾರದು. ಹೊಸ ವೈರ್ ಹಾಕಿಸುವ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡುವುದು ಕ್ಷೇಮ.

ನಾಯಿಯ ಕಣ್ಣು, ಮೂಗಿನ ಬಣ್ಣ ನೀರು ತಗುಲಿದರೆ ಏಳುತ್ತದೆ. ಒಣಗಿದ ಮೃದು ಬ್ರಷ್ ಸಾಕು, ಸ್ಪಿರಿಟ್ ಬೇಡ. ಪುನಃ ಬಣ್ಣ ಹಚ್ಚಿಸಿದರೆ ಹಳೆಯ ಕೈಕೆಲಸದ ಗುರುತೇ ಅಳಿಸಿಹೋಗುತ್ತದೆ. ಕಿತ್ತುಹೋದ ಮೂಗೇ ಮೇಲು.

ನವರಾತ್ರಿಯ ಗೊಂಬೆ ಸಾಲಿನಲ್ಲಿ, ಪಟ್ಟದ ಬೊಂಬೆಗಳಿಂದ ಎರಡು ಮೆಟ್ಟಿಲು ಕೆಳಗೆ, ರೇಷ್ಮೆ ಬಟ್ಟೆ ಮತ್ತು ಕಾಗದದ ಹೂವಿಗೆ ತಗುಲದಂತೆ ಇಟ್ಟು, ಸಂಜೆ ಆರತಿಯ ಹೊತ್ತಿಗಷ್ಟೇ ಹಚ್ಚಬಹುದು. ಹಬ್ಬ ಮುಗಿದ ಮೇಲೆ ಒಂದೊಂದನ್ನೂ ಹತ್ತಿಬಟ್ಟೆಯಲ್ಲಿ ಸುತ್ತಿ, ಮೊಟ್ಟೆಯ ಟ್ರೇಯಲ್ಲಿ ಕೂರಿಸಿ, ಸಿಕ್ಕ ಜಾಗ ಮತ್ತು ವೋಲ್ಟೇಜ್ ಬರೆದ ಚೀಟಿ ಜೊತೆಗಿಡಬೇಕು.