ಪಗಾರದ ಚೀಟಿಯಲ್ಲಿ ಇಲ್ಲದ ಮನೆ

ಬೆಳಗಾವಿಯಿಂದ ಜಾಂಬೋಟಿ ಮೇಲೆ ಗೋವಾಕ್ಕೆ ಹೋಗುವ ರಸ್ತೆಯಲ್ಲಿ, ಚೋರ್ಲಾ ಘಾಟಿನ ಇಳಿಜಾರಿಗೆ ಮುಂಚೆ ಸಿಗುವ ಊರು ಕಣಕುಂಬಿ. ಮಲಪ್ರಭೆ ಹುಟ್ಟುವುದು ಇಲ್ಲೇ. ಬೆಳಗಾವಿಯಲ್ಲಿ ಬಹುಕಾಲ ಸಭಾಪಾಲಕರಾಗಿದ್ದ ಒಬ್ಬ ಪಾಸ್ಟರ್ ಮತ್ತು ಅವರ ಹೆಂಡತಿ 2024ರ ಜೂನ್‌ನಿಂದ ಇಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಈ ಅಂಕಣಕಾರ್ತಿ ಅವರ ಹಿರಿಮಗಳು. ಆ ಮನೆಯ ಜಮಾ-ಖರ್ಚಿನ ಪುಸ್ತಕ ಈಗ ಆಕೆಯ ಕೈಯಲ್ಲಿದೆ. ಇಲ್ಲಿ ಬರುವ ಅಂಕಿಗಳೆಲ್ಲ ಆ ಪುಸ್ತಕದವು. ಅವನ್ನು ಅಚ್ಚು ಹಾಕಲು ಅಪ್ಪ-ಅವ್ವ ಇಬ್ಬರೂ ಒಪ್ಪಿದ್ದಾರೆ.

2023ರ ಜುಲೈನಲ್ಲಿ ಪಾಸ್ಟರ್‌ಗೆ ಲಕ್ವ ಹೊಡೆಯಿತು. ವಯಸ್ಸು 55. ಬಲಗೈ ಮತ್ತು ಬಲಗಾಲು ಸ್ವಾಧೀನ ತಪ್ಪಿದವು, ಮಾತು ಹೋಯಿತು. ಕೈಕಾಲು ನಿಧಾನವಾಗಿ ಒಂದಿಷ್ಟು ಸುಧಾರಿಸಿದರೂ ಮಾತು ಆ ಮಟ್ಟಿಗೆ ಸುಧಾರಿಸಲಿಲ್ಲ. ಬೇರೆ ಕೆಲಸದಲ್ಲಿದ್ದವರಾದರೆ ಕುರ್ಚಿಯಲ್ಲಿ ಕೂತು ಕಾಗದಪತ್ರವಾದರೂ ನೋಡಿಕೊಂಡಿರಬಹುದಿತ್ತು. ವಾರಕ್ಕೊಮ್ಮೆ ಪ್ರಸಂಗ ಮಾಡಬೇಕಾದವರು, ಸಾವಿನ ಮನೆಯಲ್ಲಿ ನಿಂತು ಪ್ರಾರ್ಥಿಸಬೇಕಾದವರು ಮಾತಿಲ್ಲದೆ ಏನು ಮಾಡಿಯಾರು? ಸಭೆಯವರು ಎಂಟು ತಿಂಗಳು ಪೂರ್ತಿ ಪಗಾರ ಕೊಟ್ಟರು. ಚಿಕ್ಕ ಸಭೆಯೊಂದು ಅಷ್ಟು ಮಾಡಿದ್ದೇ ದೊಡ್ಡದು. ಆಮೇಲೆ ಹೊಸ ಪಾಸ್ಟರ್ ಬರಲೇಬೇಕಾಯಿತು. ಅವರಿಗೂ ಹೆಂಡತಿ, ಮಕ್ಕಳು. ಅವರಿಗೂ ಇರಲು ಚರ್ಚಿನ ಪಕ್ಕದ ಅದೇ ಮನೆ ಬೇಕು.

ಈ ಸಂಸಾರದ ಹಣಕಾಸಿನ ನಿಜವಾದ ಪೆಟ್ಟು ಬಿದ್ದದ್ದು ಅಲ್ಲಿ. ಕೆಲಸ ಹೋದ ದಿನವೇ ಸೂರೂ ಹೋಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅದಕ್ಕೆ ರೂಪಾಯಿ ಕಟ್ಟಿ ನೋಡಿದವರು ಮಾತ್ರ ಯಾರೂ ಇರಲಿಲ್ಲ.

ಮನೆ ಖಾಲಿ ಮಾಡುವ ವಾರ ಮಗಳು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಆ ಲೆಕ್ಕ ಹಾಕಿದಳು. ಅಂಥದೇ ಎರಡು ಕೋಣೆಯ ಮನೆಗೆ ಬೆಳಗಾವಿಯಲ್ಲಿ ಬಾಡಿಗೆ 8,500. ಕರೆಂಟು, ನೀರು 1,000. ಸಭೆಯ ಶಾಲೆಯಲ್ಲಿ ತಮ್ಮನ ಫೀಸಿಗೆ ಸಿಗುತ್ತಿದ್ದ ರಿಯಾಯಿತಿ ತಿಂಗಳಿಗೆ 1,800. ಸುಗ್ಗಿ ಕಾಣಿಕೆಯಲ್ಲಿ ಮನೆಗೆ ಬರುತ್ತಿದ್ದ ಅಕ್ಕಿ, ಜೋಳ, ಬೆಲ್ಲವನ್ನು ವರ್ಷಕ್ಕೆ ಹಂಚಿದರೆ ತಿಂಗಳಿಗೆ 700. ಒಟ್ಟು 12,000. ಕೈಗೆ ಬರುತ್ತಿದ್ದ ಪಗಾರ 14,000.

"ಪಗಾರ ಹದಿನಾಲ್ಕ ಸಾವಿರ ಅಂತ ನಾನೂ ತಿಳ್ಕೊಂಡಿದ್ದೆ ನೋಡವಾ," ಅಂದರು ಅವ್ವ. "ಹಂಗಾದ್ರ ಇಷ್ಟ ದಿನ ನಾವು ಇಪ್ಪತ್ತಾರ ಸಾವಿರದಾಗ ಸಂಸಾರ ಮಾಡೀವಿ."

ಹೌದು. ಆ ಇಪ್ಪತ್ತಾರರಲ್ಲಿ ಉಳಿತಾಯ ಮಾಡಬಹುದಾಗಿದ್ದದ್ದು ಹದಿನಾಲ್ಕರಿಂದ ಮಾತ್ರ. ಪಿಎಫ್ ಮುರಿದದ್ದೂ ಗ್ರಾಚ್ಯುಟಿ ಎಣಿಸಿದ್ದೂ ಅದರ ಮೇಲೆಯೇ. ಪಾಸ್ಟರ್‌ಗಳಿಗಷ್ಟೇ ಅಲ್ಲ, ಕ್ವಾರ್ಟರ್ಸಿನಲ್ಲಿರುವ ವಾಚ್‌ಮನ್, ಹಾಸ್ಟೆಲ್ ವಾರ್ಡನ್, ಎಸ್ಟೇಟಿನ ರೈಟರ್, ಗುಡಿಯ ಮನೆಯಲ್ಲಿರುವ ಅರ್ಚಕರು, ಎಲ್ಲರ ಕಥೆಯೂ ಇದೇ. ಇಂಥವರ ಮನೆಯಲ್ಲಿ ಮೊದಲು ಬರೆದಿಡಬೇಕಾದ ಅಂಕಿ ಪಗಾರದ್ದಲ್ಲ, ಸೂರಿನದು.

ಪಾದ್ರಿಗಳ ಮನೆತನಕ್ಕೂ ವಿಮೆಯ ಚರಿತ್ರೆಗೂ ಹಳೆಯ ನಂಟಿದೆ. 1740ರ ದಶಕದಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ವಾಲೇಸ್ ಮತ್ತು ಅಲೆಕ್ಸಾಂಡರ್ ವೆಬ್‌ಸ್ಟರ್ ಎಂಬ ಇಬ್ಬರು ಪಾದ್ರಿಗಳು, ತೀರಿಕೊಂಡ ಪಾದ್ರಿಗಳ ಹೆಂಡಿರು ಮಕ್ಕಳಿಗಾಗಿ ನಿಧಿಯೊಂದನ್ನು ಕಟ್ಟಿದರು. ಎಡಿನ್‌ಬರೋದ ಗಣಿತಜ್ಞ ಕಾಲಿನ್ ಮೆಕ್ಲಾರಿನ್ ಲೆಕ್ಕಕ್ಕೆ ನೆರವಾದರು. 1765ರ ಹೊತ್ತಿಗೆ ನಿಧಿಯಲ್ಲಿ 58,348 ಪೌಂಡ್ ಇರುತ್ತದೆ ಎಂದು ಅವರು ಅಂದಾಜು ಮಾಡಿದ್ದರು. ಇದ್ದದ್ದು ಅದಕ್ಕಿಂತ ಒಂದೇ ಪೌಂಡ್ ಕಡಿಮೆ. ಯಾವ ವರ್ಷ ಎಷ್ಟು ಮಂದಿ ಸಾಯುತ್ತಾರೆ ಎನ್ನುವುದನ್ನು ಅಷ್ಟು ಕರಾರುವಾಕ್ಕಾಗಿ ಎಣಿಸಿದ ನಿಧಿ ಅದು. ಆದರೆ ಅದು ನೆರವಾಗುತ್ತಿದ್ದದ್ದು ವಿಧವೆಯರಿಗೆ, ತಬ್ಬಲಿಗಳಿಗೆ. ಬದುಕಿದ್ದೂ ಕೆಲಸ ಮಾಡಲಾಗದೆ ಹಾಸಿಗೆ ಹಿಡಿದವನಿಗಲ್ಲ.

ನಮ್ಮಲ್ಲಿ ಜನ ಮಾಡಿಸಿಕೊಳ್ಳುವ ವಿಮೆಯನ್ನು ನೋಡಿದರೂ ಅದೇ ಕೊರತೆ ಕಾಣುತ್ತದೆ. ವರ್ಷಕ್ಕೆ 436 ರೂಪಾಯಿಯ ಪ್ರಧಾನಮಂತ್ರಿ ಜೀವನ್ ಜ್ಯೋತಿ ಕೊಡುವುದು ಸಾವಿಗೆ. 20 ರೂಪಾಯಿಯ ಸುರಕ್ಷಾ ಬಿಮಾ ಅಂಗವೈಕಲ್ಯಕ್ಕೂ ಕೊಡುತ್ತದೆ, ಆದರೆ ಅದು ಅಪಘಾತದಿಂದ ಬಂದದ್ದಾಗಿರಬೇಕು. ಲಕ್ವ ಅಪಘಾತವಲ್ಲ. ಪಾಸ್ಟರ್ ಬಳಿ ಸುರಕ್ಷಾ ಬಿಮಾ ಇತ್ತು, ಒಂದು ಎಲ್‌ಐಸಿ ಪಾಲಿಸಿಯೂ ಇತ್ತು. ಎರಡರಿಂದಲೂ ಆಗ ಬಿಡಿಗಾಸು ಬರಲಿಲ್ಲ. ಇಂಥ ಹೊತ್ತಿಗೆಂದೇ ಇರುವುದು ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ. ಲಕ್ವದಿಂದಾದ ನ್ಯೂನತೆ ಮೂರು ತಿಂಗಳಾದರೂ ಉಳಿದಿದೆ ಎಂದು ದಾಖಲೆ ಕೊಟ್ಟರೆ ಒಟ್ಟಿಗೇ ಒಂದು ಮೊತ್ತ ಕೈಗೆ ಸಿಗುತ್ತದೆ. ಅದನ್ನು ಆರೋಗ್ಯ ಗಟ್ಟಿಯಿರುವಾಗಲೇ ಮಾಡಿಸಬೇಕು.

ಈ ಮನೆಯನ್ನು ಒಂದಿಷ್ಟು ಎತ್ತಿ ಹಿಡಿದದ್ದು ಪಿಎಫ್. ಸಭೆಯ ಶಾಲೆಯಲ್ಲಿ ನೀತಿಪಾಠ ಹೇಳುತ್ತಿದ್ದ ಪಾಸ್ಟರ್ ಹೆಸರು ಒಂಬತ್ತು ವರ್ಷ ಆ ಶಾಲೆಯ ಪಗಾರ ಪಟ್ಟಿಯಲ್ಲಿತ್ತು. ಅರ್ಜಿ ತುಂಬಿಕೊಡುವ ಏಜೆಂಟರೊಬ್ಬರು, "ಹತ್ತು ವರ್ಷ ಆಗಿಲ್ಲ, ಪೆನ್ಶನ್ ಬರೂದಿಲ್ಲ, 10ಸಿ ಹಾಕಿ ಎಲ್ಲಾ ತಗೊಂಡ್ಬಿಡ್ರಿ" ಅಂದರು. ಬಹಳ ಮಂದಿ ನಂಬುವ ಮಾತು ಇದು. ವಯಸ್ಸಾಗಿ ನಿವೃತ್ತರಾದವರಿಗೆ ಹತ್ತು ವರ್ಷದ ನಿಯಮ ಹೌದು. ಆದರೆ ನೌಕರಿಯಲ್ಲಿರುವಾಗಲೇ ಶಾಶ್ವತವಾಗಿ, ಪೂರ್ತಿಯಾಗಿ ಅಸಮರ್ಥರಾದವರಿಗೆ 1995ರ ಪಿಂಚಣಿ ಯೋಜನೆಯಲ್ಲಿ ಬೇರೆ ನಿಯಮವಿದೆ. ಒಂದು ತಿಂಗಳ ವಂತಿಗೆ ಕಟ್ಟಿದ್ದರೂ ಸಾಕು, ಪಿಂಚಣಿಗೆ ಹಕ್ಕಿದೆ. ಅದಕ್ಕೆ ಹಾಕಬೇಕಾದದ್ದು 10ಡಿ ಅರ್ಜಿ. ಮೆಡಿಕಲ್ ಬೋರ್ಡಿನ ಮುಂದೆ ಹಾಜರಾಗಬೇಕು. 14,000ವನ್ನು ಒಂಬತ್ತರಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳಿಗೆ 1,800. ದೊಡ್ಡ ಮೊತ್ತವಲ್ಲ, ಆದರೆ ಜೀವ ಇರುವವರೆಗೂ ಬರುತ್ತದೆ. ಅವರ ನಂತರ ಹೆಂಡತಿಗೆ ವಿಧವಾ ಪಿಂಚಣಿಯೂ ಇದೆ. 10ಸಿ ಹಾಕಿದ್ದರೆ ಇಷ್ಟೂ ಹೋಗುತ್ತಿತ್ತು.

ಗ್ರಾಚ್ಯುಟಿ 72,692 ಬಂತು. ಪಿಎಫ್ ಹಣ ಸೇರಿಸಿ 3,60,000ವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟರು. ಅರವತ್ತು ತುಂಬದೆ ಅದರಲ್ಲಿ ಹಣ ಇಡುವಂತಿಲ್ಲ ಎಂಬ ತಿಳಿವಳಿಕೆಯೂ ಪೂರ್ತಿ ಸರಿಯಲ್ಲ. 55 ದಾಟಿ ನಿವೃತ್ತರಾದವರು ನಿವೃತ್ತಿಯಿಂದ ಬಂದ ಹಣವನ್ನು ಕೈಸೇರಿದ ಮೂರು ತಿಂಗಳೊಳಗೆ ಇಡಬಹುದು. 2023ರ ನವೆಂಬರ್‌ವರೆಗೆ ಈ ಗಡುವು ಒಂದೇ ತಿಂಗಳಿತ್ತು. ಶೇ 8.2ರ ಬಡ್ಡಿ ಮೂರು ತಿಂಗಳಿಗೊಮ್ಮೆ 7,380 ರೂಪಾಯಿ ಕೈಗೆ ಬರುತ್ತದೆ. ಸಭೆಯವರು ಕೂಡಿಸಿ ಕೊಟ್ಟ ಕಾಣಿಕೆ ನಿವೃತ್ತಿಯ ಹಣವಲ್ಲವಾದ್ದರಿಂದ ಅದನ್ನು ಆಸ್ಪತ್ರೆ ಖರ್ಚಿಗೆಂದು ಬ್ಯಾಂಕಿನಲ್ಲಿ ಬೇರೆ ಇಟ್ಟಿದ್ದಾರೆ. ಎಲ್‌ಐಸಿ ಪಾಲಿಸಿಯನ್ನು ಸರೆಂಡರ್ ಮಾಡಲಿಲ್ಲ. ಕಂತು ನಿಲ್ಲಿಸಿ ಪೇಡ್-ಅಪ್ ಆಗಲು ಬಿಟ್ಟರು. ಸರೆಂಡರ್ ಮೌಲ್ಯ ಕಟ್ಟಿದ್ದಕ್ಕಿಂತ ತೀರ ಕಡಿಮೆಯಿತ್ತು.

ಕಣಕುಂಬಿಗೆ ಯಾಕೆ ಹೋದರು ಎಂದು ನೆಂಟರು ಈಗಲೂ ಕೇಳುತ್ತಾರೆ. ಜಾಂಬೋಟಿ ಕಡೆಯ ಶಾಲೆಯೊಂದರಲ್ಲಿ ಅವ್ವನಿಗೆ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಿತು, ಆಗಿನ ಗೌರವಧನ 10,000. ಮನೆ ಬಾಡಿಗೆ 3,000. ಪಿಂಚಣಿ, ಅಂಚೆ ಬಡ್ಡಿ, ಗೃಹಲಕ್ಷ್ಮಿಯ 2,000 ಎಲ್ಲ ಸೇರಿದರೆ ಶಾಲೆಯ ತಿಂಗಳುಗಳಲ್ಲಿ ಆಗ ಹದಿನಾರು ಸಾವಿರ ಚಿಲ್ಲರೆ. ಏಪ್ರಿಲ್, ಮೇ ತಿಂಗಳಲ್ಲಿ ಗೌರವಧನವಿಲ್ಲ, ಕೈಗೆ ಬರುವುದು ಆರು ಸಾವಿರ ಚಿಲ್ಲರೆ. ಹಾಗಾಗಿ ಪ್ರತಿ ತಿಂಗಳೂ ಎರಡು ಸಾವಿರ ತೆಗೆದು ಬೇಸಿಗೆಗೆಂದು ಆರ್‌ಡಿಗೆ ಕಟ್ಟುತ್ತಾರೆ.

ಬಾಡಿಗೆಯಲ್ಲಿ ಉಳಿದದ್ದನ್ನು ಮಳೆಗಾಲ ತಿನ್ನುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗಿಸಲು ಇದ್ದಿಲು ಬೇಕು, ಗಾಳಿಮಳೆ ಹೊಡೆಯುವ ಗೋಡೆಗೆ ತಾಡಪತ್ರಿ ಬೇಕು. ಒದ್ದೆ ನೆಲದಲ್ಲಿ ಪಾಸ್ಟರ್ ಕಾಲು ಜಾರದಂತೆ ಬಚ್ಚಲಿಗೆ ರಬ್ಬರ್ ಮ್ಯಾಟು, ಗೋಡೆಗೆ ಹಿಡಿಕೆ ಹಾಕಿಸಿದರು. ಆ ಎರಡು ವಸ್ತುಗಳಷ್ಟು ಸಾರ್ಥಕವಾದ ಖರ್ಚು ಈ ಪುಸ್ತಕದಲ್ಲಿ ಇನ್ನೊಂದಿಲ್ಲ. ಜಾರಿ ಸೊಂಟ ಮುರಿದರೆ ಅಂಚೆ ಕಚೇರಿಯಲ್ಲಿಟ್ಟ ಹಣಕ್ಕೇ ಕೈಹಾಕಬೇಕಾಗುತ್ತದೆ.

ಬೆಳಗಾವಿಯ ಆಸ್ಪತ್ರೆಗೆ ಹೋಗಿಬರುವ ಖರ್ಚು ಮೊದಲು ಹೆಚ್ಚೇ ಇತ್ತು. ಅವ್ವನಿಗೆ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ, ಪಾಸ್ಟರ್‌ಗೆ ಪೂರ್ತಿ ಟಿಕೆಟ್. ಬೆಳಗಾವಿಯ ಬಿಮ್ಸ್ ಆಸ್ಪತ್ರೆಯಲ್ಲಿ ತಪಾಸಣೆಯಾಗಿ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಬಂದ ಮೇಲೆ ಅಂಗವಿಕಲರ ರಿಯಾಯಿತಿ ಪಾಸ್ ಮಾಡಿಸಿದರು. ವರ್ಷಕ್ಕೆ 660 ರೂಪಾಯಿ, ಊರಿನಿಂದ ನೂರು ಕಿಲೋಮೀಟರ್ ಒಳಗೆ ಓಡಾಡಬಹುದು. ಬೆಳಗಾವಿ ಅದರ ಅರ್ಧ ದೂರದಲ್ಲೇ ಇದೆ. ಈ ಕಾರ್ಡು ಲಕ್ವ ಹೊಡೆದವರಿಗೂ ಸಿಗುತ್ತದೆ ಎಂದು ಆಸ್ಪತ್ರೆಯಿಂದ ಬಿಡುಗಡೆಯಾಗುವಾಗಲೇ ಯಾರಾದರೂ ಹೇಳಬೇಕು. ಎಷ್ಟೋ ಮನೆಗಳಲ್ಲಿ ಅದು ಹುಟ್ಟಿನಿಂದ ಅಂಗವಿಕಲರಾದವರಿಗೆ ಮಾತ್ರ ಎಂದೇ ತಿಳಿದಿದ್ದಾರೆ.

ಕ್ಯಾಲೆಂಡರಿನ ಆ ಹಾಳೆಯನ್ನು ಮಗಳು ಸಭೆಯ ಖಜಾಂಚಿಗೂ ತೋರಿಸಿದಳು. ದೂರಲಿಕ್ಕಲ್ಲ. ಈಗ ಆ ಮನೆಯಲ್ಲಿರುವ ಹೊಸ ಪಾಸ್ಟರ್ ಈಗಷ್ಟೇ ಮೂವತ್ತು ದಾಟಿದ ಹುಡುಗ, ಅವರ ಮುಂದೆ ಬಹಳ ವರ್ಷಗಳಿವೆ. ಅವರ ಮುಂದಿನ ಸೂರಿಗೆಂದು ಹಣ ಕೂಡಿಡುವ ಬಗ್ಗೆ ಕಮಿಟಿಯಲ್ಲಿ ಎರಡು ಸಲ ಚರ್ಚೆಯಾಯಿತು. ಪೂರ್ತಿ ಬಾಡಿಗೆಯ ಮೊತ್ತ ಕೊಡುವ ಶಕ್ತಿ ಸಭೆಗಿಲ್ಲ. ತಿಂಗಳಿಗೆ 1,500ರಂತೆ ಅವರ ಹೆಸರಿನ ಎನ್‌ಪಿಎಸ್ ಪಿಂಚಣಿ ಖಾತೆಗೆ ಕಟ್ಟಲು ಒಪ್ಪಿದ್ದಾರೆ. ಕ್ರಿಟಿಕಲ್ ಇಲ್‌ನೆಸ್ ಪಾಲಿಸಿಯ ಕಂತನ್ನು ಸಭೆ ಅರ್ಧ, ಪಾಸ್ಟರ್ ಅರ್ಧ ಹಾಕಿಕೊಳ್ಳುವ ವಿಷಯ ಮುಂದಿನ ಮೀಟಿಂಗಿಗೆ ಬರಲಿದೆ.