ಹತ್ತು ಲಕ್ಷದ ಕಾರು, ಮೂವತ್ತು ಲಕ್ಷದ ರಿಪೇರಿ

ಪ್ರೀತಿಯ ತಮ್ಮಾ,

ಹೊಸ ಸಣ್ಣ ಕಾರಿನ ದುಡ್ಡಿಗೆ ಹತ್ತು–ಹನ್ನೆರಡು ವರ್ಷ ಹಳೆಯ ಬಿಎಂಡಬ್ಲ್ಯು 320ಡಿ ಅಥವಾ ಸ್ಕೋಡಾ ಸೂಪರ್ಬ್ ಡೀಸೆಲ್ ಸಿಗುತ್ತದೆ ಎಂದು ಗೊತ್ತಾದಾಗಿನಿಂದ ನಿನಗೆ ನಿದ್ದೆ ಬರುತ್ತಿಲ್ಲವಂತೆ. ಆಸೆಪಡುವುದರಲ್ಲಿ ತಪ್ಪಿಲ್ಲ. ಹೊಸದಾಗಿದ್ದಾಗ ಮೂವತ್ತು ಲಕ್ಷದ ಆಸುಪಾಸು ಬಾಳುತ್ತಿದ್ದ ಗಾಡಿಗಳವು. ಈಗ ಅವುಗಳ ಬೆಲೆ ಮೂರರಲ್ಲಿ ಒಂದು ಪಾಲಿಗೆ ಇಳಿದಿರಬಹುದು. ಆದರೆ ಇಳಿದದ್ದು ಕಾರಿನ ಬೆಲೆ ಮಾತ್ರ. ಇಂಜೆಕ್ಟರ್, ಟರ್ಬೊ, ಗೇರ್‌ಬಾಕ್ಸುಗಳು ಇನ್ನೂ ಮೂವತ್ತು ಲಕ್ಷದ ಕಾರಿನ ಬಿಡಿಭಾಗಗಳೇ.

ಜರ್ಮನ್ ಡೀಸೆಲ್‌ಗೆ ಸಾವಿಲ್ಲ ಎಂಬ ನಂಬಿಕೆ ಹುಟ್ಟಿದ್ದು ಸುಮ್ಮನೆ ಅಲ್ಲ. ಗ್ರೀಸಿನ ಟ್ಯಾಕ್ಸಿ ಚಾಲಕ ಗ್ರೆಗೋರಿಯೋಸ್ ಸಚಿನಿದಿಸ್ ತಮ್ಮ 1976ರ ಮರ್ಸಿಡಿಸ್ 240ಡಿ ಕಾರನ್ನು 46 ಲಕ್ಷ ಕಿ.ಮೀ. ಓಡಿಸಿ, 2004ರಲ್ಲಿ ಕಂಪನಿಯ ಮ್ಯೂಸಿಯಂಗೆ ಒಪ್ಪಿಸಿದರು. ಆ ಓಟದ ನಡುವೆ ಎಂಜಿನ್ನನ್ನೇ ಹಲವು ಬಾರಿ ಬದಲಿಸಿದ್ದನ್ನು ಮಾತ್ರ ಕಥೆ ಹೇಳುವವರು ಬಿಟ್ಟುಬಿಡುತ್ತಾರೆ. 240ಡಿಯ ಎಂಜಿನ್ನಿನ ಹೆಸರು ಓಎಂ 616. ಇದೇ ಎಂಜಿನ್ ಬಜಾಜ್ ಟೆಂಪೊ ಕಂಪನಿಯ ಟ್ರ್ಯಾಕ್ಸ್, ಟ್ರಾವೆಲರ್‌ಗಳಲ್ಲಿ ಕೂತು ನಮ್ಮ ಮದುವೆ ದಿಬ್ಬಣಗಳನ್ನೂ ಧರ್ಮಸ್ಥಳ ಯಾತ್ರೆಗಳನ್ನೂ ಹೊತ್ತಿದೆ. ಟರ್ಬೊ ಇಲ್ಲ, ಕಂಪ್ಯೂಟರ್ ಇಲ್ಲ. ಡೀಸೆಲ್ ಹಾಯಿಸುವುದಕ್ಕೆ ಒಂದು ಮೆಕ್ಯಾನಿಕಲ್ ಪಂಪು. ಹಳ್ಳಿ ಗ್ಯಾರೇಜಿನಲ್ಲೂ ಬಿಚ್ಚಿ ಜೋಡಿಸಬಹುದಿತ್ತು.

2010ರ ದಶಕದ ಸೆಡಾನ್‌ಗಳಿಗೆ ಆ ಪುಣ್ಯ ವರ್ಗಾವಣೆಯಾಗುವುದಿಲ್ಲ. ಅವುಗಳದ್ದು ಕಾಮನ್ ರೇಲ್ ಎಂಜಿನ್. 1,600 ಬಾರ್‌ಗೂ ಮಿಕ್ಕ ಒತ್ತಡದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿಂದ ಡೀಸೆಲ್ ಚಿಮ್ಮಬೇಕು. ಟ್ಯಾಂಕಿಗೆ ಒಮ್ಮೆ ನೀರು ಬೆರೆತ ಡೀಸೆಲ್ ಬಿದ್ದರೂ ಪಂಪಿನಿಂದ ಇಂಜೆಕ್ಟರ್‌ವರೆಗೆ ಎಲ್ಲಕ್ಕೂ ಪೆಟ್ಟು. ಎಂಜಿನ್ ಬ್ಲಾಕಿಗೆ ಇಂದಿಗೂ ಏನೂ ಆಗುವುದಿಲ್ಲ ಎನ್ನುವುದು ನಿಜ. ಕೈಕೊಡುವುದು ಅದರ ಸುತ್ತ ನೇತುಹಾಕಿರುವ ಸಾಮಾನುಗಳು.

ಬಿಎಂಡಬ್ಲ್ಯು 320ಡಿಯ ಎನ್47 ಎಂಜಿನ್ನನ್ನೇ ನೋಡು. 2007ರಲ್ಲಿ ಬಂದ ಈ ಎರಡು ಲೀಟರ್ ಡೀಸೆಲ್ ಓಟಕ್ಕೂ ಮೈಲೇಜಿಗೂ ಹೆಸರುವಾಸಿ. ಆದರೆ ಇದರ ಟೈಮಿಂಗ್ ಚೈನು ಎಂಜಿನ್ನಿನ ಹಿಂಬದಿಯಲ್ಲಿ, ಗೇರ್‌ಬಾಕ್ಸಿನ ಕಡೆಗಿದೆ. ಮೊದಲ ಕೆಲವು ವರ್ಷಗಳ ಎಂಜಿನ್‌ಗಳಲ್ಲಿ ಚೈನೂ ಅದರ ಗೈಡುಗಳೂ ಬೇಗ ಸವೆದವು. ಕಡಿದರೆ ವಾಲ್ವುಗಳಿಗೆ ಪಿಸ್ಟನ್ ಬಡಿದು ಎಂಜಿನ್ ಹಾಳು. ಮುಂಚೆಯೇ ಬದಲಿಸೋಣವೆಂದರೆ ಎಂಜಿನ್ನನ್ನೋ ಗೇರ್‌ಬಾಕ್ಸನ್ನೋ ಕೆಳಗಿಳಿಸಬೇಕು. ಚೈನಿನ ಬೆಲೆ ದೊಡ್ಡದಲ್ಲ, ಅದರ ಹತ್ತಿರ ಹೋಗುವ ಕೂಲಿ ದೊಡ್ಡದು. ಇನ್ನು ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ವಾಪಸು ಕಳಿಸುವ ಇಜಿಆರ್ ವ್ಯವಸ್ಥೆಯ ಕೂಲರ್. 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ 520ಡಿ ಸೇರಿದಂತೆ ಹತ್ತಾರು ಬಿಎಂಡಬ್ಲ್ಯು ಡೀಸೆಲ್‌ಗಳು ಹೊತ್ತಿಕೊಂಡಾಗ ಸಿಕ್ಕಿಬಿದ್ದದ್ದು ಇದೇ ಭಾಗ. ಸೋರಿದ ಕೂಲೆಂಟ್ ಮಸಿಯೊಂದಿಗೆ ಸೇರಿ ಬೆಂಕಿಗೆ ಮೇವಾಗಿತ್ತು. ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಕಂಪನಿ ವಾಪಸು ಕರೆಯಬೇಕಾಯಿತು.

ಸೂಪರ್ಬ್‌ನ ಎರಡು ಲೀಟರ್ ಟಿಡಿಐ ಸ್ವಲ್ಪ ಸಾಧು. ಅದಕ್ಕೆ ಟೈಮಿಂಗ್ ಬೆಲ್ಟು. ಬೆಲ್ಟಿನ ಜೊತೆಗೇ ಟೆನ್ಷನರ್, ವಾಟರ್ ಪಂಪು ಬದಲಿಸಿದರೆ ನಿಶ್ಚಿಂತೆ. ಆರು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ 60,000 ಕಿ.ಮೀ.ಗೊಮ್ಮೆ ಆಯಿಲ್ ಬದಲಾಗಬೇಕು. ‘ಲೈಫ್‌ಟೈಮ್ ಆಯಿಲ್, ಮುಟ್ಟುವುದೇ ಬೇಡ’ ಎನ್ನುವ ಮಾರಾಟಗಾರನ ಕಾರನ್ನು ನೀನೂ ಮುಟ್ಟಬೇಡ. ಫೋಕ್ಸ್‌ವ್ಯಾಗನ್ ಹೊಗೆ ಹಗರಣದ ನಂತರ, 2015ರ ಡಿಸೆಂಬರಿನಲ್ಲಿ, ಸ್ಕೋಡಾ ಕೂಡ ಸೇರಿರುವ ಈ ಸಮೂಹ ಭಾರತದಲ್ಲಿ 3,23,700 ಕಾರುಗಳನ್ನು ಸಾಫ್ಟ್‌ವೇರ್ ತಿದ್ದುಪಡಿಗೆಂದು ಕರೆದಿತ್ತು. ಆ ಕೆಲಸ ಆಗಿದೆಯೇ ಎಂದು ಸರ್ವಿಸ್ ದಾಖಲೆಯಲ್ಲಿ ನೋಡಬಹುದು.

ಈಗ ಲೆಕ್ಕ. ವರ್ಷಕ್ಕೆ 8,000 ಕಿ.ಮೀ. ಓಡಿಸುವವನು, ಡೀಸೆಲ್ 90 ರೂ., ಪೆಟ್ರೋಲ್ 102 ರೂ. ಎಂದಿಟ್ಟುಕೊಳ್ಳೋಣ. ಲೀಟರಿಗೆ 14 ಕಿ.ಮೀ. ಕೊಡುವ ಡೀಸೆಲ್ ಕಾರಿಗೆ ವರ್ಷಕ್ಕೆ ಸುಮಾರು 51,000 ರೂ., 10 ಕೊಡುವ ಅದೇ ಗಾತ್ರದ ಪೆಟ್ರೋಲ್ ಕಾರಿಗೆ 82,000 ರೂ. ಬಂಕಿನಲ್ಲಿ ಉಳಿದದ್ದು ಮೂವತ್ತು ಸಾವಿರ. ಒಂದು ಟರ್ಬೊ ಅಥವಾ ಎಂಜಿನ್ನಿನ ಅದುರಾಟ ತಡೆಯುವ ಡ್ಯುಯಲ್ ಮಾಸ್ ಫ್ಲೈವೀಲ್ ಹೋದರೆ ಎರಡು–ಮೂರು ವರ್ಷದ ಉಳಿತಾಯ ಒಂದೇ ಬಿಲ್ಲಿನಲ್ಲಿ ಕರಗುತ್ತದೆ. ವಾರವಾರ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಿಬರುವವನ ಲೆಕ್ಕವೇ ಬೇರೆ. ಅವನಿಗೆ ಡೀಸೆಲ್ ಗಿಟ್ಟುತ್ತದೆ. ಬೆಂಗಳೂರಿನೊಳಗೇ ಮಲ್ಲೇಶ್ವರದಿಂದ ಮೆಜೆಸ್ಟಿಕ್‌ಗೆ ಹೋಗಿಬರುವವನಿಗೆ ಗಿಟ್ಟುವುದಿಲ್ಲ.

ಇಲ್ಲೇ ಬ್ರೋಕರ್‌ಗಳ ಮೆಚ್ಚಿನ ಮಾತೊಂದನ್ನು ತೂಗಿ ನೋಡಬೇಕು: ‘ಸಿಂಗಲ್ ಓನರ್ ಸಾರ್, ಡಾಕ್ಟರ್ ಓಡಿಸಿದ್ದು, ಬರೀ ಐವತ್ತು ಸಾವಿರ.’ (ಈ ಊರಿನಲ್ಲಿ ಮಾರಾಟಕ್ಕಿರುವ ಕಾರುಗಳನ್ನು ಎಣಿಸಿದರೆ ಡಾಕ್ಟರುಗಳು ರೋಗಿಗಳಿಗಿಂತ ಜಾಸ್ತಿ ಇರಬೇಕು.) ಮಾತು ನಿಜವೇ ಆದರೂ ಅದು ಡೀಸೆಲ್‌ಗೆ ಹೊಗಳಿಕೆಯಲ್ಲ. ಮನೆಯಿಂದ ಕ್ಲಿನಿಕ್ಕಿಗೆ ಮೂರು ಕಿ.ಮೀ. ಓಡುವ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ಇಜಿಆರ್ ವಾಪಸು ಕಳಿಸುವ ಹೊಗೆಯ ಮಸಿ ಆಯಿಲಿನ ಆವಿಯೊಂದಿಗೆ ಸೇರಿ ಇನ್‌ಟೇಕ್ ದಾರಿಯಲ್ಲಿ ಡಾಂಬರಿನ ಹಾಗೆ ಕಟ್ಟುತ್ತದೆ. ಹೆದ್ದಾರಿಯಲ್ಲೇ ಒಂದೂವರೆ ಲಕ್ಷ ಓಡಿ, ಪ್ರತಿ ಸರ್ವಿಸಿನ ಬಿಲ್ಲನ್ನೂ ಇಟ್ಟುಕೊಂಡ ಕಾರು ಎಷ್ಟೋ ವಾಸಿ. ಮೀಟರನ್ನು ಹಿಂದಕ್ಕೆ ತಿರುಗಿಸಬಹುದು, ಹತ್ತು ವರ್ಷದ ಬಿಲ್ಲುಗಳನ್ನು ಹುಟ್ಟಿಸುವುದು ಕಷ್ಟ.

ಇನ್ನು ದೆಹಲಿಯಿಂದ ಬರುವ ಗಾಡಿಗಳ ವಿಷಯ. ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳು ಅಲ್ಲಿ ಓಡಬಾರದೆಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟೂ ಅದಕ್ಕೆ ಒತ್ತುಕೊಟ್ಟಿತು. ಆಮೇಲೆ ಆದೇಶಗಳು ಅಷ್ಟಿಷ್ಟು ಬದಲಾಗಿದ್ದರೂ ಅಂಥ ಕಾರುಗಳು ಅಗ್ಗವಾಗಿ ದಕ್ಷಿಣಕ್ಕೆ ಇಳಿಯುವುದು ನಿಂತಿಲ್ಲ. ಎನ್‌ಒಸಿ ತಂದು ಕೆಎ ನಂಬರ್ ಹಾಕಿಸುವಾಗ ಇಲ್ಲಿನ ಜೀವಾವಧಿ ತೆರಿಗೆ ಕಟ್ಟಬೇಕು, ಅದು ದುಬಾರಿ ಕಾರಿಗೆ ದುಬಾರಿಯೇ. ಹದಿನೈದು ವರ್ಷ ತುಂಬಿದರೆ ನೋಂದಣಿ ನವೀಕರಣಕ್ಕೆ ಐದು ಸಾವಿರ, ಜೊತೆಗೆ ಹಸಿರು ತೆರಿಗೆ. ಈ ಸಣ್ಣ ಮೊತ್ತಗಳಿಗಿಂತ ಮುಖ್ಯವಾದದ್ದು ಬೇರೆ: ಹಿಂದಿನ ಸಾಲ ತೀರಿ, ಬ್ಯಾಂಕಿನ ಹೆಸರು ಆರ್‌ಸಿಯಿಂದ ತೆಗೆದಿರಬೇಕು.

ಕೊಳ್ಳುವುದೇ ಆದರೆ ಕಾರಿನ ಬೆಲೆಯ ಕಾಲುಭಾಗವನ್ನು ಮೊದಲ ವರ್ಷದ ರಿಪೇರಿಗೆಂದು ಬೇರೆ ಎತ್ತಿಡು. ಶೋರೂಮಿನ ಹೊರಗೆ ಆ ಬ್ರಾಂಡಿನ ಕೆಲಸ ಬಲ್ಲ ಮೆಕ್ಯಾನಿಕ್ ಒಬ್ಬನನ್ನು ಮೊದಲು ಹುಡುಕಿಕೋ, ಕಾರನ್ನು ಆಮೇಲೆ. ಮಾಮೂಲಿ ಸಾಮಾನು ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಸಿಕ್ಕೀತು. ಹಳೆಯ ಇಂಜೆಕ್ಟರ್ ಮಾತ್ರ ಗುಜರಿಯಿಂದ ಬೇಡ.

ನೋಡಲು ಬೆಳಿಗ್ಗೆಯೇ ಹೋಗು. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡು. ಬೆಚ್ಚಗಿದ್ದರೆ ನೀನು ಬರುವ ಮೊದಲೇ ಯಾರೋ ಎಂಜಿನ್ ಕಾಯಿಸಿದ್ದಾರೆ. ಚೈನಿನ ಕಟಕಟ, ಮೊದಲ ಹೊಗೆ ಯಾವುದೂ ನಿನಗೆ ಗೊತ್ತಾಗುವುದಿಲ್ಲ. ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹೊರಡು. ಮೆಕ್ಯಾನಿಕ್ ಲಿಫ್ಟಿಗೆ ಏರಿಸಿ, ಸ್ಕ್ಯಾನರ್ ಹಾಕಿ ನೋಡುವ ತನಕ ಟೋಕನ್ ಅಡ್ವಾನ್ಸ್ ಎಂದು ಒಂದು ಸಾವಿರವನ್ನೂ ಕೊಡಬೇಡ.

ಇಂತಿ,
ನಿನ್ನ ಹಿತೈಷಿ